ಹುಳ ಹಣ್ಣಾದ ದಿನ ವಿಮಾನ ಹತ್ತಿದ್ದು

ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಹೊಸತು. ಆ ದಿನಗಳಲ್ಲಿ ನಮ್ಮ ಜಂಗಮಕೋಟೆಯ ಹಿಪ್ಪುನೇರಳೆ ತೋಟಗಳ ಮೇಲೆ ವಿಮಾನಗಳು ತಗ್ಗಿ ಹಾರುತ್ತಿದ್ದವು. ಸೊಪ್ಪು ಕುಯ್ಯುತ್ತಿದ್ದವರು ಕುಡುಗೋಲು ನಿಲ್ಲಿಸಿ ತಲೆ ಎತ್ತುತ್ತಿದ್ದರು. ಅವುಗಳ ಮೈಮೇಲಿನ ಅಕ್ಷರ ಓದಿದೆವೆಂದು ನಾವು ಮಕ್ಕಳು ಬಡಾಯಿ ಕೊಚ್ಚಿಕೊಳ್ಳುತ್ತಿದ್ದೆವು. ಅವುಗಳೊಳಗೆ ಕೂರುವವರು ಬೇರೆ ಯಾರೋ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಹಾಗಿರುವಾಗ ಒಂದು ಸಂಜೆ ಅಪ್ಪ ಶಾಲೆಯಿಂದ ಬಂದವರೇ, ಚಪ್ಪಲಿ ಕೂಡ ಬಿಡದೆ, "ದಸರಾ ರಜಕ್ಕೆ ವಿಮಾನದಲ್ಲಿ ನಾಗಪುರಕ್ಕೆ ಹೋಗಣ" ಎಂದರು. ಅಪ್ಪ ಶಿಡ್ಲಘಟ್ಟದಲ್ಲಿ ಮೇಷ್ಟ್ರು. ನಾನು ಹುಟ್ಟುವ ಮೊದಲೇ ಬುದ್ಧನ ಕಡೆಗೆ ಬಂದವರು. ನಮ್ಮ ಲಕ್ಷಾಂತರ ಜನ ಬುದ್ಧನ ದಾರಿ ಹಿಡಿದ ನಾಗಪುರದ ದೀಕ್ಷಾಭೂಮಿಯ ಮಣ್ಣು ಒಮ್ಮೆ ಮುಟ್ಟಬೇಕೆಂಬುದು ಅವರ ಬಹಳ ದಿನದ ಆಸೆ.

ಅಜ್ಜಿ ಒರಳಿನ ಮುಂದೆ ಕೂತು ಹುಚ್ಚೆಳ್ಳು ಚಟ್ನಿ ರುಬ್ಬುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು: "ಅದು ಕಾಶಿ ಮೇಲೆ ಹೋಗ್ತದಾ?"

"ಕಾಶಿ ಯಾಕಮ್ಮ?" ಅಪ್ಪನ ದನಿ ಗಡುಸಾಯಿತು. "ನಮ್ ತಾತನ್ನ ಈ ಊರ್ ಗುಡಿ ಒಳಕ್ಕೇ ಬಿಡ್ಲಿಲ್ಲ. ಕಾಶಿ ತಂಕ ಹೋಗಿ ಕೈಮುಗೀಬೇಕಾ?"

"ನಾನು ಗುಡಿ ಕೇಳಿದ್ನಾ? ಗಂಗಮ್ಮನ್ನ ಕೇಳ್ದೆ. ಹರಿಯೋ ನೀರು ಯಾರನ್ನೂ ನೀನ್ಯಾರು ಅನ್ನಲ್ಲ ಕಣಪ್ಪ."

ಎರಡು ದಿನ ತಾಯಿ ಮಗ ಮಾತಾಡಲಿಲ್ಲ. ಮೂರನೆಯ ದಿನ ಅಪ್ಪ ಶಾಲೆಯ ಭೂಪಟ ಸುತ್ತಿಕೊಂಡು ತಂದು ಜಗಲಿಯಲ್ಲಿ ಹಾಸಿದರು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಸೇರು, ಚೊಂಬು, ಸಿಕ್ಕಿದ್ದನ್ನೆಲ್ಲ ಇಟ್ಟರು. "ಇಲ್ಲಿ ನೋಡಮ್ಮ, ಇದು ಸಾರನಾಥ. ಬುದ್ಧ ಮೊದಲು ಬಾಯಿ ತೆರೆದು ಪಾಠ ಹೇಳಿದ್ದು ಇಲ್ಲೇ. ಕಾಶಿ ಪಕ್ಕದಲ್ಲೇ ಐತೆ."

ಅಜ್ಜಿ ಬಗ್ಗಿ ನೋಡಿದರು. ಓದು ಬರುತ್ತಿರಲಿಲ್ಲ, ಆದರೂ ಬೆರಳಿಟ್ಟು ಎರಡು ಊರಿನ ನಡುವಿನ ಜಾಗ ಅಳೆದರು. "ನೋಡ್ದಾ ನಾಯನಾ, ನಿಮ್ಮೋನೂ ಅಲ್ಲಿಗೇ ಬಂದಿದ್ದ!"

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಪ್ರಯಾಣ ಅಲ್ಲಿಂದ ಬೆಳೆಯಿತು. ಬೆಂಗಳೂರಿಂದ ನಾಗಪುರ, ಅಲ್ಲಿಂದ ದೆಹಲಿ, ದೆಹಲಿಯಿಂದ ಕಾಶಿ. ದೆಹಲಿ ನನ್ನ ಹಟ. ಆರನೇ ಕ್ಲಾಸಿನ ಪುಸ್ತಕದಲ್ಲಿ ಕೆಂಪು ಕೋಟೆಯ ಚಿತ್ರವಿತ್ತು.

"ನಿನಗೆಲ್ಲಿಗೆ ಹೋಗ್ಬೇಕು ಸರೋಜಾ?" ಎಂದು ಅಪ್ಪ ಅಮ್ಮನನ್ನೂ ಕೇಳಿದರು. ಅಮ್ಮ ಹುಳುಮನೆಯಿಂದ ಆಗ ತಾನೇ ಹೊರಬಂದಿದ್ದಳು, ಸೀರೆಯ ಸೆರಗಿಗೆಲ್ಲ ಸೊಪ್ಪಿನ ಹಸಿ ವಾಸನೆ. "ಎಲ್ಲಾದ್ರೂ ಸರಿ. ಒಂದಿನ ಸೊಪ್ಪಿಗೆ ಏಳದೆ ಮಲ್ಕೊಂಡಿರ್ಬೇಕು, ಅಷ್ಟೆ" ಎಂದಳು.

ರೇಷ್ಮೆ ಹುಳ ಸಾಕುವ ಮನೆಯಲ್ಲಿ ಅದೇ ಕಷ್ಟ. ಹುಳ ಕಟ್ಟಿಕೊಂಡರೆ ಹಗಲಿಲ್ಲ, ಇರುಳಿಲ್ಲ. ನಾಲ್ಕು ಸಲ ಜ್ವರ ಬಂದಂತೆ ಮಲಗಿ, ಪೊರೆ ಬಿಟ್ಟು ಏಳುತ್ತವೆ. ಆಮೇಲೆ ರಾಕ್ಷಸರ ಹಾಗೆ ತಿಂದು ಹಣ್ಣಾಗುತ್ತವೆ. ಹಣ್ಣಾದ ಹುಳವನ್ನು ಕೂಡಲೇ ಆರಿಸಿ ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡದಿದ್ದರೆ ಗೂಡು ಕಟ್ಟುವುದು ಕೆಡುತ್ತದೆ. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ರಜ ಶುರುವಾಗುವುದಕ್ಕೆ ಮುಂಚೆಯೇ ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಬಹುದು ಎಂದಳು. ಅಪ್ಪ ಅದನ್ನು ನಂಬಿ ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ಟಿಕೆಟ್ ಮಾಡಿಸಿ ಬಂದರು.

ಆಮೇಲಿನ ದಿನಗಳು ನನಗೆ ಪ್ರಯಾಣಕ್ಕಿಂತ ಚೆನ್ನಾಗಿ ನೆನಪಿವೆ. ಎದುರು ಮನೆಯ ಆಂಜಿನಮ್ಮನ ಮಗಳು ಲಲಿತ ನನ್ನ ಗೆಳತಿ. ನಾವಿಬ್ಬರೂ ಕುಂಟೆಬಿಲ್ಲೆಯ ಮನೆಗಳಿಗೆ ಊರುಗಳ ಹೆಸರಿಟ್ಟೆವು. ಬಿಲ್ಲೆ ನಾಗಪುರದಲ್ಲಿ ಬಿದ್ದರೆ ಕುಂಟುತ್ತಾ ದೆಹಲಿ ದಾಟಬೇಕು. ಗೆರೆ ತುಳಿದರೆ ಇಳಿದು ನಡೆದುಕೊಂಡು ಬಾ! ಅಪ್ಪ ಸೊಪ್ಪು ತೂಗುವ ತಕ್ಕಡಿಗೆ ನಮ್ಮ ಬ್ಯಾಗುಗಳನ್ನು ನೇತುಹಾಕಿ ತೂಗಿದರು. ಅಜ್ಜಿಯ ಬ್ಯಾಗಿಗೆ ತಕ್ಕಡಿ ಬಗ್ಗಿಬಿಟ್ಟಿತು. ತೆಗೆದು ನೋಡಿದರೆ ಒಳಗೆ ರಾಗಿ ಹಿಟ್ಟು, ಹುರುಳಿ, ಸಣ್ಣದೊಂದು ಮುದ್ದೆ ಕೋಲು.

"ಅಮ್ಮಾ, ಮೇಲೆ ಒಲೆ ಹಚ್ಚಕ್ಕೆ ಬಿಡಲ್ಲ."

"ಕೆಳಕ್ಕೆ ಇಳೀತೀವಲ್ಲ? ಇಳಿದ್ಮೇಲೆ ಹೊಟ್ಟೆ ಇರಲ್ವಾ?"

ಆ ವರ್ಷ ಮಳೆ ಹಿಡಿದುಕೊಂಡಿತು. ಥಂಡಿಗೆ ಹುಳಗಳು ನಾಲ್ಕನೆಯ ಜ್ವರದಿಂದ ತಡವಾಗಿ ಎದ್ದವು. ಅಮ್ಮ ಹುಳುಮನೆಗೆ ಕೆಂಡದ ಕುಂಪಟಿ ಇಟ್ಟಳು, ಕಿಟಕಿಗೆ ಗೋಣಿಚೀಲ ಕಟ್ಟಿದಳು. ಏನು ಮಾಡಿದರೂ ಹುಳಕ್ಕೆ ನಮ್ಮ ಅವಸರ ಅಂಟಲಿಲ್ಲ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಮ್ಮ ಒಂದು ಹುಳವನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು. ಅದಿನ್ನೂ ಬೆಳ್ಳಗಿತ್ತು. ಹಣ್ಣಾದ ಹುಳಕ್ಕಿರುವ ಹಳದಿ ಹೊಳಪು ಬಂದಿರಲಿಲ್ಲ.

"ನೀವು ಹೋಗ್ಬನ್ನಿ. ನಾನಿರ್ತೀನಿ" ಎಂದಳು.

ಅಪ್ಪ ಹುಳದ ತಟ್ಟೆಗಳನ್ನೇ ನೋಡುತ್ತಾ ನಿಂತರು. ನಾನು ಅಳಲು ಶುರುಮಾಡಿದೆ. ಅಜ್ಜಿ ತಮ್ಮ ಬ್ಯಾಗನ್ನು ಎತ್ತಿ ಮೂಲೆಗಿಟ್ಟು, "ಹಂಗಾದ್ರೆ ನಾನೂ ಬರಲ್ಲ. ಗಂಗಮ್ಮ ಎಲ್ಲಿಗೂ ಓಡೋಗಲ್ಲ" ಎಂದರು.

ನನ್ನ ಅಳು ಎದುರು ಮನೆಗೆ ಕೇಳಿರಬೇಕು. ಆಂಜಿನಮ್ಮ ಮೊರದಲ್ಲಿದ್ದ ಅಲಸಂದೆಕಾಯಿ ಸಮೇತ ಬಂದಳು. ವಿಷಯ ಕೇಳಿ ಅಮ್ಮನ ಮೇಲೆ ರೇಗಿದಳು. "ಹೋದ ಬೆಳೆಗೆ ನಮ್ ಹುಳ ಹಣ್ಣಾದಾಗ ನೀನು ಅನ್ನ ಬಿಟ್ಟು ಬಂದಿಲ್ವೇನೇ? ನಿನ್ ಹುಳಕ್ಕೇನು ಕೊಂಬೈತಾ, ನಾನು ಮುಟ್ಟೋ ಹಂಗಿಲ್ಲ?"

"ಅಲ್ಲ ಕಣಕ್ಕ, ನಿಂಗೂ ಸೊಪ್ಪು, ದನ..."

"ನಂಗಿರೋದು ನಂಗೆ ಗೊತ್ತು. ನೀನು ಸೀರೆ ಮಡಚ್ಕೋ."

ಬೆಳಗಾಗುವಾಗ ಅಮ್ಮ ಹುಳುಮನೆಯಿಂದ ಕೂಗಿದಳು. ಹುಳ ಹಣ್ಣಾಗಿತ್ತು! ಒಂದೆರಡಲ್ಲ, ತಟ್ಟೆ ತಟ್ಟೆಯೇ ಹಳದಿಗೆ ತಿರುಗಿ, ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತಿದ್ದವು. ವಿಮಾನ ಮಧ್ಯಾಹ್ನಕ್ಕೆ. ಆಂಜಿನಮ್ಮ ಬೀದಿಯಲ್ಲಿ ನಿಂತು ಒಂದು ಕೂಗು ಹಾಕಿದಳು. ಮುಖ ತೊಳೆಯದವರು, ಬಾಯಲ್ಲಿ ಬೇವಿನ ಕಡ್ಡಿ ಇದ್ದವರು, ನಮ್ಮ ಬೀದಿಗೆ ಬೀದಿಯೇ ಬಂತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಗಂಡಸರು ಅಂಗಳಕ್ಕೆ ಚಂದ್ರಿಕೆ ಹೊತ್ತು ತಂದರು, ಹೆಂಗಸರು ಹುಳ ಆರಿಸಿದರು, ನಾನೂ ಲಲಿತಳೂ ಬಟ್ಟಲಲ್ಲಿ ತುಂಬಿಕೊಂಡು ಚಂದ್ರಿಕೆಯತ್ತ ಓಡಿದೆವು. ಹಣ್ಣು ಹುಳ ಬೆರಳಿಗೆ ತಣ್ಣಗೆ, ಮೆತ್ತಗೆ ತಾಗುತ್ತದೆ. ಅಜ್ಜಿ ಒಲೆಯ ಮುಂದೆ ಕೂತು, ಊರೂರಿಗೆ ಒಯ್ಯಲು ಕಟ್ಟಿದ್ದ ರಾಗಿ ಹಿಟ್ಟನ್ನೇ ಬಿಚ್ಚಿ, ಬಂದವರಿಗೆಲ್ಲ ಅಂಬಲಿ ಕಾಯಿಸಿದರು.

ಬಿಸಿಲೇರುವ ಹೊತ್ತಿಗೆ ತಟ್ಟೆಗಳು ಖಾಲಿ. ಅಮ್ಮ ಸ್ನಾನ ಮಾಡಿ ಬಂದು ಬಾಗಿಲಲ್ಲಿ ನಿಂತಳು, ಹೊರಡಲು ಕಾಲು ಬರಲಿಲ್ಲ. ಆಂಜಿನಮ್ಮ ಅವಳ ಹೆಗಲು ಹಿಡಿದು ಬಾಡಿಗೆ ಕಾರಿನೊಳಗೆ ತಳ್ಳಿದಳು. "ಗೂಡು ನಾವು ಬಿಡಿಸ್ತೀವಿ. ನೀನು ಮೇಲಿಂದ ನೋಡ್ತಾ ಕೂತ್ಕೋಬೇಡ!"

ನೋಡುವ ಮಾತೆಲ್ಲಿ. ವಿಮಾನ ನೆಲ ಬಿಡುವ ಮೊದಲೇ ಅಮ್ಮ ನಿದ್ದೆ ಹೋಗಿದ್ದಳು. ನಾನು ಮೋಡ ತೋರಿಸಲು ಎಬ್ಬಿಸಹೋದರೆ ಅಪ್ಪ ನನ್ನ ಕೈ ಹಿಡಿದು, "ಮಲ್ಕೊಳ್ಲಿ ಬಿಡಮ್ಮ" ಎಂದರು. ನಾಗಪುರದಲ್ಲಿ ಚಕ್ರಗಳು ಧಡ್ ಎಂದು ನೆಲಕ್ಕೆ ತಾಗಿದಾಗಲೇ ಅವಳಿಗೆ ಎಚ್ಚರ.

ದೀಕ್ಷಾಭೂಮಿಯಲ್ಲಿ ಅಪ್ಪ ಬಗ್ಗಿ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡರು. ದೆಹಲಿಯ ಕೋಟೆ ಚಿತ್ರದಲ್ಲಿದ್ದಷ್ಟು ಕೆಂಪಗಿರಲಿಲ್ಲ. ಕಾಶಿಯಲ್ಲಿ ಅಪ್ಪನೇ ಅಜ್ಜಿಯ ಕೈ ಹಿಡಿದು ಮೆಟ್ಟಿಲಿಳಿಸಿದರು. ಅಜ್ಜಿ ಮುಳುಗೆದ್ದು, ಪ್ಯಾಂಟು ಮಡಚಿ ನಿಂತಿದ್ದ ಮಗನ ಮೇಲೆ ಒಂದು ಬೊಗಸೆ ಎರಚಿದರು. ಅಪ್ಪ ಬೇಡ ಎನ್ನಲಿಲ್ಲ. ಮಾರನೆಯ ದಿನ ಸಾರನಾಥದ ಬುದ್ಧನ ಮುಂದೆ ಅಜ್ಜಿ ತಾವಾಗಿ ಕೈಮುಗಿದು, "ಒಳ್ಳೇವ್ನ ಮುಖ ಕಣಪ್ಪ" ಎಂದರು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ನಾವು ಮರಳುವಷ್ಟರಲ್ಲಿ ಗೂಡು ಬಿಡಿಸಿ ಮಾರಿಯೂ ಆಗಿತ್ತು. ಆ ಸಂಜೆ ಬೀದಿಯವರೆಲ್ಲ ನಮ್ಮ ಜಗಲಿಯಲ್ಲಿ ಸೇರಿದರು. ಅಜ್ಜಿ ಒಬ್ಬೊಬ್ಬರ ಅಂಗೈಗೂ ಗಂಗೆಯ ನೀರು ಹನಿಸಿ ಕಥೆ ಶುರುಮಾಡಿದರು. ಸಂಕ್ರಾಂತಿಯವರೆಗೂ ಅದು ಮುಗಿಯಲಿಲ್ಲ. ದಿನದಿನಕ್ಕೆ ಗಂಗೆ ಅಗಲವಾಗುತ್ತಾ ಹೋಯಿತು. ಕೇಳಿದ್ದನ್ನೇ ಕೇಳಲು ಜನ ಮತ್ತೆ ಬರುತ್ತಿದ್ದರು.

ಅಜ್ಜಿ ಹೋಗಿ ವರ್ಷಗಳಾದವು. ನಮ್ಮ ಬೀದಿಯಲ್ಲಿ ಈಗ ಯಾರೂ ಹುಳ ಸಾಕುವುದಿಲ್ಲ. ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ವರ್ಷಕ್ಕೆರಡು ಸಲ ವಿಮಾನ ಹತ್ತುತ್ತೇನೆ, ಬಸ್ಸಿಗೆ ಕಾಯುವಾಗಲೇ ಫೋನಿನಲ್ಲಿ ಟಿಕೆಟ್ ಆಗಿಬಿಡುತ್ತದೆ. ಹೋದ ತಿಂಗಳು ಗುವಾಹಟಿಗೆ ಹೋಗಿದ್ದೆ. ಬ್ರಹ್ಮಪುತ್ರ ನೋಡಿ ದಂಗಾಗಿ, ಅದನ್ನು ಬಾಯ್ತುಂಬ ಹೇಳಬೇಕೆಂದು ಬೆಂಗಳೂರಿಗೆ ಬಂದಿಳಿದ ತಕ್ಷಣ ಲಲಿತಳಿಗೆ ಫೋನು ಮಾಡಿದೆ.

"ನೀನು ಕಳ್ಸಿದ್ ಫೋಟೋ ನೋಡ್ದೆ ಕಣೇ, ಚೆನ್ನಾಗಿತ್ತು" ಎಂದಳು. ಬ್ರಹ್ಮಪುತ್ರದ ಕಥೆ ಅಲ್ಲಿಗೇ ಮುಗಿಯಿತು; ಮಳೆ ಬಂತಾ ಎಂದು ಕೇಳಿ ಫೋನು ಇಟ್ಟೆ.