ಮೋಹನ್‌ರಾಜ್ ಭಾವನ ಗಣೀರ್ ಸೌಂಡ್

ನನ್ನ ಅಕ್ಕ ಮಾರಿಯಮ್ಮನ ಗಂಡ ಮೋಹನ್‌ರಾಜ್ ಭಾವನಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಊಟಕ್ಕೆ ಕೂತರೆ ಸಾರು ಬರುವುದರೊಳಗೆ ಎದ್ದುಹೋಗಿ ಫ್ಯಾನಿನ ವೇಗ ಬದಲಿಸಿ ಬರುತ್ತಾನೆ. ಯಾರ ಮನೆಗೆ ಹೋದರೂ ಟಿವಿಯ ರಿಮೋಟು ಅವನ ಕೈಯಲ್ಲೇ. ಒಮ್ಮೆ ಸಾವಿನ ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ, ಇವನು ಎದ್ದುಹೋಗಿ ಬಾಗಿಲಲ್ಲಿ ಭಜನೆ ಹಾಡುತ್ತಿದ್ದ ಸ್ಪೀಕರಿನ ಗುಂಡಿ ತಿರುಗಿಸಿ ಬಂದ. ಅಕ್ಕ ತಲೆ ಚಚ್ಚಿಕೊಂಡಳು.

"ಏನುಕ್ಕು ಬೈತೀಯ? ಹೋದವ್ರಿಗಾದ್ರೂ ಕ್ಲಿಯರಾಗಿ ಕೇಳ್ಬೇಡ್ವಾ?" ಅಂದ.

ಕರುಮತ್ತಂಪಟ್ಟಿಯಲ್ಲಿ ನಮ್ಮ ಬೀದಿಯವರೆಲ್ಲ ಮಗ್ಗದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಎರಡನ್ನೂ ಆಡುವುದು ಕಿರುಚಿಯೇ. ಗೋಡೆಯಾಚೆ ಪವರ್‌ಲೂಮುಗಳು ಬಡಿದುಕೊಳ್ಳುತ್ತಿರುವಾಗ ಮೆತ್ತಗೆ ಮಾತಾಡುವವನಿಗೆ ನಮ್ಮ ಬೀದಿಯಲ್ಲಿ ಒಂದು ಲೋಟ ಕಾಫಿಯೂ ಹುಟ್ಟುವುದಿಲ್ಲ. ಭಾವ ಮೀಸೆ ಮೂಡುವ ಮೊದಲೇ ಮಗ್ಗಕ್ಕೆ ನಿಂತವನು. ಹಗಲು ಮಗ್ಗ, ಸಂಜೆ ಮೈಕ್‌ಸೆಟ್ ಎಂದು ಎರಡು ದೋಣಿಯಲ್ಲಿ ಕಾಲಿಟ್ಟು ಬಹಳ ವರ್ಷ ದುಡಿದ. ಆಮೇಲೆ ಮಗ್ಗಗಳನ್ನು ತಮ್ಮನಿಗೆ ಬಿಟ್ಟು ಮೈಕ್‌ಸೆಟ್ಟನ್ನೇ ನೆಚ್ಚಿಕೊಂಡ. ಮದುವೆ, ಸೀಮಂತ, ಕಿವಿ ಚುಚ್ಚುವ ಶಾಸ್ತ್ರ, ಎಲ್ಲಕ್ಕೂ ಅವನದೇ ಸೌಂಡು, ಅವನದೇ ವಾದ್ಯತಂಡ. ಅದರಲ್ಲಿ ಕೀಬೋರ್ಡ್ ನುಡಿಸುವ ಪ್ರಭಾಕರನ್ ನಾನು.

ಭಾವನ ಸೌಂಡಿಗೆ ಒಂದು ಗುರುತಿತ್ತು. ಅರ್ಧ ಮೈಲಿಯಿಂದಲೇ ಗೊತ್ತಾಗುತ್ತಿತ್ತು. ಕಂಚಿನ ತಟ್ಟೆಗೆ ಚಮಚದಲ್ಲಿ ಹೊಡೆದ ಹಾಗೆ, ಗಣೀರ್! ಸದ್ದಿನ ಚೂಪು ಹೆಚ್ಚಿಸುವ ಟ್ರೆಬಲ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಇನ್ನೂ ತಿರುಗೀತೇ ಎಂದು ಒಮ್ಮೆ ಒತ್ತಿ ನೋಡುತ್ತಿದ್ದ.

"ಗಣೀರ್‌ನು ಇರ್ಬೇಕುಡಾ ಪ್ರಭಾ! ಈಗಿನ ಸೌಂಡೆಲ್ಲ ಬಾಯಿಗೆ ಬಟ್ಟೆ ತುರುಕ್ದಂಗೆ ಬತ್ತದೆ" ಅನ್ನುತ್ತಿದ್ದ.

ಆ ಗುಂಡಿಗೆ ತಕ್ಕ ಹಾಗೆ ನಾವೆಲ್ಲ ಬದಲಾದೆವು. ನನ್ನ ಕೀಬೋರ್ಡಿನಲ್ಲಿ ಕೊಳಲಿತ್ತು, ವೀಣೆಯಿತ್ತು, ಭಾವ ಎರಡಕ್ಕೂ ಮೂಗು ಮುರಿದ. ಗಂಟೆಯ ನಾದ, ತಂತಿಯ ಕಿರುಚು ಮಾತ್ರ ಉಳಿದವು. ಹಾಡುವವರು ಮೇಲಿನ ಸ್ಥಾಯಿ ಹಿಡಿದು ಸ್ವರವನ್ನು ಉದ್ದಕ್ಕೆ ಎಳೆಯಬೇಕು. ನಡುವೆ ಸಣ್ಣ ಬಳುಕು ಹಾಕಿದರೆ ತಗಡಿನ ಚಪ್ಪರದಡಿ ಅದು ಕಲಸಿ ಗಂಜಿಯಾಗುತ್ತಿತ್ತು. ಡ್ರಮ್ಮಿನವನು ಚರ್ಮ ಮರೆತು ತಾಳದ ತಟ್ಟೆಯನ್ನೇ ಬಡಿಯತೊಡಗಿದ. ಜನಕ್ಕೆ ಇದು ಹಿಡಿಸಿತೋ ಇಲ್ಲವೋ ಎಂದು ಕೇಳಬೇಡಿ. ಸೋಮನೂರಿನಿಂದ ಹಿಡಿದು ಸುತ್ತಲಿನ ಮಗ್ಗದ ಊರುಗಳೆಲ್ಲ ಇದಕ್ಕೆ ಹುಚ್ಚಾದವು. ಬೇರೆ ತಂಡಗಳೂ ನಮ್ಮನ್ನು ನೋಡಿ ಗಣೀರಿಗೆ ಬಿದ್ದವು. ನಾವು ಏನೋ ಸಾಧಿಸಿದ್ದೇವೆ ಎಂದು ನಾನೂ ಎದೆ ಸೆಟೆಸಿಕೊಂಡು ಓಡಾಡಿದೆ.

ತಿರುಪ್ಪೂರಿನಲ್ಲಿ ಮಾತ್ರ ನಮ್ಮ ಬೇಳೆ ಬೇಯಲಿಲ್ಲ. ಅಲ್ಲಿ ಬನಿಯನ್ ಕಂಪನಿಯ ಹುಡುಗರು ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡು ಕೇಳುತ್ತ ಹೊಲಿಗೆ ಯಂತ್ರದ ಮುಂದೆ ಕೂರುವವರು. ಅವರಿಗೆ ಎದೆಗೂಡು ಅಲುಗಿಸುವ ಗುಮ್ ಬೇಕು. ಒಂದು ರಿಸೆಪ್ಷನ್‌ನಲ್ಲಿ ಮದುಮಗನ ಗೆಳೆಯರು ಬಂದು, ಅಣ್ಣಾ, ಕಿವಿ ಕುಯ್ಯುತ್ತಿದೆ, ಕಮ್ಮಿ ಮಾಡಿ ಎಂದು ತಮಿಳಿನಲ್ಲಿ ಕೈಮುಗಿದರು.

"ಇಯರ್‌ಫೋನ್ ಹಾಕಿ ಹಾಕಿ ಕಿವಿ ಕೆಟ್ಟೋಗದೆ ಇವ್ರಿಗೆ!" ಎಂದು ಭಾವ ದಾರಿಯುದ್ದಕ್ಕೂ ಬೈದುಕೊಂಡು ಬಂದ. ನಾನೂ ಹೂಂಗುಟ್ಟಿದೆ. ಎಲ್ಲರೂ ಕಿರುಚುವ ಬೀದಿಯಲ್ಲಿ ಯಾರ ಕಿವಿ ಕೆಟ್ಟಿದೆ ಎಂದು ಯಾರಿಗೆ ತಿಳಿಯಬೇಕು?

ನನಗೆ ತಿಳಿದದ್ದು ಅವನ ಮಗಳು ಕೃತ್ತಿಕಾಳಿಂದ. ಅದೇ ಮನೆ, ಅದೇ ಮಗ್ಗದ ಸದ್ದು, ಆದರೆ ಅವಳ ಹಾದಿಯೇ ಬೇರೆ. ಸದ್ದಿನ ಮೇಲೆ ಏರಿ ಹಾಡುವ ಬದಲು ಅವಳು ಅದರ ಕೆಳಗೆ ನುಸುಳಿದಳು. ಎರಡು ಕಂಬಳಿ ಹೊದ್ದು, ಫೋನನ್ನು ತುಟಿಗೆ ತಾಗುವಷ್ಟು ಹತ್ತಿರ ಹಿಡಿದು, ಪಿಸುಗುಟ್ಟುವ ಹಾಗೆ ಹಾಡಿ ರೆಕಾರ್ಡ್ ಮಾಡುತ್ತಿದ್ದಳು. ಬೆವರಿನಲ್ಲಿ ತೊಯ್ದು ಹೊರಬರುತ್ತಿದ್ದಳು. ಹಾಡೂ ಅವಳದೇ, ನಮ್ಮ ಮನೆಯ ಕನ್ನಡದಲ್ಲಿ. ಕನ್ನಡದ ಅಕ್ಷರ ಬಾರದ್ದರಿಂದ ಬರೆದುಕೊಳ್ಳುವುದು ತಮಿಳಿನಲ್ಲಿ. ಅದನ್ನು ಇಂಟರ್‌ನೆಟ್ಟಿಗೆ ಹಾಕಿದಾಗ, ಗೊತ್ತಿಲ್ಲದ ಊರುಗಳ ಜನ ಕಿವಿಯೊಳಗೇ ಯಾರೋ ಹಾಡಿದಂತಿದೆ ಎಂದು ಬರೆದರು.

ಒಂದು ಸಂಜೆ ಅವಳು ಅಪ್ಪನ ಕಿವಿಗೆ ಇಯರ್‌ಫೋನ್ ಇಟ್ಟು ಹೊಸ ಹಾಡು ಹಾಕಿದಳು. ಭಾವ ಕಣ್ಣು ಮುಚ್ಚಿ ತಲೆಯಾಡಿಸತೊಡಗಿದ. ಹಾಡು ಮುಗಿಯಿತು. ಅವನ ತಲೆ ಇನ್ನೂ ಆಡುತ್ತಲೇ ಇತ್ತು. ಕೃತ್ತಿಕಾ ನನ್ನ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಅಪ್ಪನ ಕಿವಿಯಿಂದ ಇಯರ್‌ಫೋನ್ ತೆಗೆದಳು.

ಅದಾದ ಮೇಲೆ ನಗರದ ಆರ್.ಎಸ್. ಪುರಂ ಬಡಾವಣೆಯ ಒಂದು ಸಣ್ಣ ಸಂಗೀತ ಹಾಲಿನವರು ಅವಳನ್ನು ಹಾಡಲು ಕರೆದರು. ಕರೆ ಬಂದ ದಿನವೇ ಭಾವ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿಕೊಂಡು ಬಂದ. "ನನ್ ಮಗಳ ಹಾಡು ಕಚೇರಿ! ಮಿಕ್ಸರಲ್ಲಿ ನಾನೇ ದಾ ಕೂರೋದು."

ಮಿಕ್ಸರ್ ಎಂದರೆ ಅಷ್ಟೂ ಮೈಕುಗಳ ದನಿಯನ್ನು ಹದ ಮಾಡುವ ಜಾಗ. ಅಲ್ಲಿ ಭಾವ ಕೂತರೆ ಕೃತ್ತಿಕಾಳ ಪಿಸುದನಿಯ ಗತಿ ಏನೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅವನನ್ನು ಅಲ್ಲಿಂದ ಎಬ್ಬಿಸಿದರೆ ಅವನ ಗತಿ ಏನು ಎಂಬುದೂ ಗೊತ್ತು.

"ಮಾಮಾ, ನೀನೇ ಅಪ್ಪಂಗೆ ಹೇಳು. ನಂಗೆ ಬಾಯೇ ಬರಲ್ಲೆ."

"ಚೆನ್ನಾಗದೆ! ನಾನು ಹೇಳಿ ಒದೆ ತಿನ್ಲಾ?"

ಹೀಗೆ ಅವಳು ನನ್ನ ಮೇಲೆ ಹಾಕುವುದು, ನಾನು ಅಕ್ಕನ ಮೇಲೆ ಹಾಕುವುದು, ಅಕ್ಕ ದೇವರ ಮೇಲೆ ಹಾಕುವುದು. ಭಾವ ಮಾತ್ರ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆ ತುಂಬ ಓಡಾಡುತ್ತ ವೈರು ಸುತ್ತುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ. ಕೃತ್ತಿಕಾ ತಟ್ಟೆ ಮುಂದಿಟ್ಟುಕೊಂಡು ಉಣ್ಣದೆ ಏಳುತ್ತಿದ್ದಳು. ನನಗೆ ಅವರಿಬ್ಬರ ಮೇಲೂ ಸಿಟ್ಟು, ನನ್ನ ಮೇಲೆ ಇನ್ನೂ ಹೆಚ್ಚು.

ಕಚೇರಿಯ ದಿನ ಅಕ್ಕನೂ ಸೇರಿ ನಾಲ್ವರೂ ಮಧ್ಯಾಹ್ನವೇ ಹೋದೆವು. ಹಾಲಿನಲ್ಲಿ ನೆಲಕ್ಕೆ ಜಮಖಾನೆ, ಗೋಡೆಗೆ ಮೆತ್ತೆ. ಕೆಮ್ಮಿದರೆ ಕೆಮ್ಮು ಅಲ್ಲೇ ಬಿದ್ದುಬಿಡುತ್ತಿತ್ತು. ಇಷ್ಟು ಮೌನದೊಳಗೆ ಜನ ಹೇಗೆ ಉಸಿರಾಡುತ್ತಾರೋ ಎಂದು ನನಗೆ ಚಡಪಡಿಕೆಯಾಯಿತು. ಅಲ್ಲಿನ ಸೌಂಡ್ ನೋಡುವ ಸತೀಶ್ ಕುಮಾರ್ ಮರ್ಯಾದೆಯಿಂದ ಎದ್ದು ಭಾವನಿಗೆ ಕುರ್ಚಿ ಬಿಟ್ಟುಕೊಟ್ಟ.

ಕೃತ್ತಿಕಾ ವೇದಿಕೆಯ ಮೇಲೆ, ಜೊತೆಗೆ ನುಡಿಸಲು ಬಂದಿದ್ದ ಗಿಟಾರಿನವಳ ಪಕ್ಕ ಕೂತು ಒಂದು ಸಾಲು ಹಾಡಿದಳು. ಭಾವ ಹುಬ್ಬು ಗಂಟಿಕ್ಕಿ ಟ್ರೆಬಲ್ ಏರಿಸಿದ. ಇನ್ನೊಂದು ಸಾಲು. ಇನ್ನೂ ಏರಿಸಿದ. ಅವಳ 'ಸ' ಅಕ್ಷರಗಳೆಲ್ಲ ಬ್ಲೇಡಿನ ಹಾಗೆ ಕಿವಿ ಹೊಕ್ಕವು. ಕುರ್ಚಿ ಜೋಡಿಸುತ್ತಿದ್ದ ಹೆಂಗಸು ಎರಡೂ ಕಿವಿ ಮುಚ್ಚಿಕೊಂಡಳು. ಸತೀಶ್ ಕುಮಾರ್ ನನ್ನ ಮುಖ ನೋಡಿದ.

ಕೃತ್ತಿಕಾ ಹಾಡು ನಿಲ್ಲಿಸಿ, ಮೈಕಿನಿಂದ ಪಕ್ಕಕ್ಕೆ ಸರಿದು ಮೆಲ್ಲಗೆ ಅಂದಳು, "ಅಪ್ಪಾ, ನಿಂಗೆ ಕೇಳ್ಸಲ್ಲೆ."

"ಏನೂ?" ಅಂದ ಭಾವ.

"ನಿಂಗೆ ಕೇಳ್ಸಲ್ಲೆ ಅಂದೆ."

"ಏನಮ್ಮಾ? ಜೋರಾಗಿ ಹೇಳು!"

ಆಗ ಅವಳು ನಮ್ಮ ಬೀದಿಯ ದನಿ ತೆಗೆದಳು. "ನಿನ್ ಕಿವಿ ಹೋಗದೆ ಅಪ್ಪಾ! ನಿಂಗೆ ಕೇಳ್ಸಲ್ಲೆ! ಎದ್ದು ಬಾ ಅಲ್ಲಿಂದ!"

ನಮ್ಮ ಬೀದಿಯಲ್ಲಿ ಇದಕ್ಕಿಂತ ಜೋರಾಗಿ ಉಪ್ಪು ಕೇಳುತ್ತೇವೆ. ಅಲ್ಲಿ ಮಾತ್ರ ಆ ಕೂಗಿಗೆ ಓಡಿಹೋಗಲು ಜಾಗವೇ ಇರಲಿಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಭಾವ ಗುಂಡಿಯಿಂದ ಕೈ ತೆಗೆದು, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ.

"ಈಗಿನ ಸ್ಪೀಕರೆಲ್ಲ ಹಿಂಗೇ ಅಂದ್ಕೊಂಡಿದ್ದೆ" ಅಂದ. "ಎಲ್ರಿಗೂ ಹಿಂಗೇ ಕೇಳ್ಸ್ತದೆ ಅಂದ್ಕೊಂಡಿದ್ದೆ." ಆಮೇಲೆ ಸತೀಶ್ ಕುಮಾರನ ಭುಜ ಮುಟ್ಟಿ ಕುರ್ಚಿ ತೋರಿಸಿದ.

ಸಂಜೆ ಹಾಲು ತುಂಬಿತು. ನಾವು ಮೂವರೂ ಕೊನೆಯ ಸಾಲಿನಲ್ಲಿ, ಮಿಕ್ಸರಿನ ಮೇಜಿಗೆ ಬೆನ್ನು ಮಾಡಿ ಕೂತೆವು. ಕೃತ್ತಿಕಾ ಹಾಡತೊಡಗಿದಳು. ಅಯ್ಯೋ, ಎಷ್ಟು ಚೆನ್ನಾಗಿ ಹಾಡಿದಳು! ಅಷ್ಟು ದಿನ ಕಂಬಳಿಯೊಳಗೆ ಇಟ್ಟುಕೊಂಡಿದ್ದ ಬಳುಕು, ಬಿಕ್ಕು, ತುಟಿ ಬಿಚ್ಚುವ ಸಣ್ಣ ಸದ್ದು ಕೂಡ ನಮ್ಮ ಪಕ್ಕಕ್ಕೇ ಬಂದು ಕೂತವು. ನಮ್ಮ ಭಾಷೆ ಬಾರದ ಜನ ಕುರ್ಚಿಯ ತುದಿಗೆ ಸರಿದು ಕೇಳುತ್ತಿದ್ದರು. ಅವಳ ಮಾತು ಅರ್ಥವಾಗುವವರು ಆ ಹಾಲಿನಲ್ಲಿ ಮೂರೇ ಜನ, ಅವರಲ್ಲಿ ಒಬ್ಬನಿಗೆ ಅದು ಕೇಳಿಸುತ್ತಿರಲಿಲ್ಲ. ನನಗೆ ಖುಷಿಪಡಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಎರಡನೆಯ ಹಾಡಿನ ಹೊತ್ತಿಗೆ ಭಾವ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, ಮಗಳಿಗೆ ಬೆನ್ನು ಹಾಕಿ ಕೂತ. ನನಗೆ ಮೈ ಉರಿಯಿತು. ಇಷ್ಟೊಂದು ಹಟವೇ ಎಂದು ಅವನ ಮೊಣಕೈ ತಿವಿದು, "ಬಾವಾ, ತಿರುಗು! ಮಗು ಹಾಡ್ತಾ ಇದಾಳೆ" ಎಂದು ಅವನ ಕಿವಿಯಲ್ಲೇ ಹೇಳಿದೆ.

"ಅದೇ ನೋಡ್ತಾ ಇದೀನಿ" ಅಂದ.

ಆಗ ನಾನೂ ತಿರುಗಿ ನೋಡಿದೆ. ಮಿಕ್ಸರಿನ ಮೇಲೆ, ಅವಳ ಮೈಕಿನ ಸಾಲಿನಲ್ಲಿ, ಸಣ್ಣ ಹಸಿರು ದೀಪಗಳು ಅವಳ ದನಿಯ ಜೊತೆ ಏರುತ್ತಿದ್ದವು, ಇಳಿಯುತ್ತಿದ್ದವು, ಒಂದು ಸ್ವರದಲ್ಲಿ ಅಲುಗದೆ ನಿಲ್ಲುತ್ತಿದ್ದವು. ಭಾವ ಕಣ್ಣು ಮಿಟುಕಿಸದೆ ಅವನ್ನೇ ನೋಡುತ್ತಿದ್ದ. ದೀಪಗಳು ಕೆಳಗಿಳಿದವು.

"ಉಸುರು ತಕ್ಕೊಂಡ್ಳು ನೋಡು" ಅಂದ.

ಅವನ ಲೆಕ್ಕಕ್ಕೆ ಅದು ಪಿಸುಮಾತು. ಇಡೀ ಹಾಲಿಗೆ ಕೇಳಿತು, ವೇದಿಕೆಯ ಮೇಲಿದ್ದವಳಿಗೂ ಕೇಳಿತು. ಅವಳು ನಿಜಕ್ಕೂ ಉಸಿರು ಎಳೆದುಕೊಂಡಿದ್ದಳು. ದೀಪಗಳ ಕಡೆ ತಿರುಗಿ ಕೂತಿದ್ದ ಅಪ್ಪನನ್ನೇ ನೋಡುತ್ತ ಮುಂದಿನ ಸಾಲಿಗೆ ಬಾಯಿ ತೆರೆದಳು, ಹಾಡು ಹೊರಡಲಿಲ್ಲ. ಗಿಟಾರಿನವಳೂ ಕೈ ತಡೆದಳು. ದೀಪಗಳು ಏಳಲೇ ಇಲ್ಲ.

ಭಾವ ಗಾಬರಿಯಿಂದ ಎದ್ದು ನಿಂತ.

"ಪ್ರಭಾ, ವೈರ್ ನೋಡುಡಾ! ಎಲ್ಲೋ ಕಟ್ಟಾಗದೆ!" ಎಂದು ಕೂಗಿ, ಮೇಜಿನ ಕೆಳಗೆ ಬಗ್ಗಿ ತಡಕಾಡತೊಡಗಿದ. ಯಾವ ವೈರೂ ಕಿತ್ತಿರಲಿಲ್ಲ.