ನೀಲಿ ಟಾರ್ಪಾಲಿನ ಕೆಳಗಿನ ಕೆಂಪು

ಸಿದ್ದಾಪುರದ ನಮ್ಮ ಬಾಡಿಗೆ ಮನೆಯ ಜಗಲಿಯೇ ನನ್ನ ಅಂಗಡಿ. ಕೊಡವ ಮದುಮಗ ಕುಪ್ಯ ಎಂಬ ಬಿಳಿ ನಿಲುವಂಗಿಯ ಮೇಲೆ ಸೊಂಟಕ್ಕೆ ಸುತ್ತುವ ರೇಷ್ಮೆ ಚೇಲೆಯನ್ನು ಆನ್‌ಲೈನಿನಲ್ಲಿ ಮಾರುತ್ತೇನೆ. ನೇಕಾರರು ಕೊಟ್ಟ, ರೇಷ್ಮೆಯ ಬಣ್ಣಗಳ ಮಾದರಿ ಅಂಟಿಸಿದ ಶೇಡ್ ಕಾರ್ಡನ್ನು ಲ್ಯಾಪ್‌ಟಾಪಿನ ಪಕ್ಕ ಹಿಡಿದು, ಪರದೆಯ ಕೆಂಪು ಕಾರ್ಡಿನ ಕೆಂಪಿಗೆ ಸರಿಹೋಗುವವರೆಗೂ ಫೋಟೋ ತಿದ್ದುವುದು ನನ್ನ ಪದ್ಧತಿ. ನನ್ನ ಕಣ್ಣಿನ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಆ ಮಳೆಗಾಲದಲ್ಲಿ ಮಾತ್ರ ಕಳಿಸಿದ ಪಾರ್ಸೆಲ್ಲುಗಳು ಹೋದ ದಾರಿಯಲ್ಲೇ ವಾಪಸ್ ಬರತೊಡಗಿದವು. ಎಲ್ಲರದೂ ಒಂದೇ ದೂರು: ಫೋಟೋದಲ್ಲಿ ಮರೂನ್, ಬಂದದ್ದು ಮೆಣಸಿನಕಾಯಿ ಕೆಂಪು. ಕಾರ್ಡ್ ಹಿಡಿದು ನೋಡಿದರೆ ನನಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಗಿರಾಕಿಗಳ ಫೋನೇ ಕೆಟ್ಟಿರಬೇಕೆಂದು ಮೊದಮೊದಲು ಬೈದುಕೊಂಡೆ. ಆಮೇಲೆ ಹೆದರಿಕೆಯಾಯಿತು. ಹೀಗೇ ಆದರೆ ಅಂಗಡಿ ಮುಚ್ಚುವುದೇ ಸರಿ ಎಂದು ಮನೆಯವರಿಗೆ ಹೇಳಿಯೂ ಆಗಿತ್ತು.

ಆಗ ಪಾಲಿಬೆಟ್ಟದಿಂದ ಆಂಟಿಯೊಬ್ಬರು ಬಸ್ಸಿನಲ್ಲಿ ಬಂದರು. ಕಂಕುಳಲ್ಲಿ ನಾನು ಕಳಿಸಿದ ಚೇಲೆ. ಶುಭಕಾರ್ಯವಿಲ್ಲದ ಕಕ್ಕಡ ತಿಂಗಳು ಕಳೆದ ಕೂಡಲೇ ಅವರ ಮಗನ ಮದುವೆ. ತೀರಿಹೋದ ಗಂಡ ತಮ್ಮ ಮದುವೆಯಲ್ಲಿ ಸುತ್ತಿದ್ದ ಮರೂನ್ ಚೇಲೆಯನ್ನು ಇಲಿ ಕಡಿದಿತ್ತಂತೆ. ಅದೇ ಬಣ್ಣ ನನ್ನ ಫೋಟೋದಲ್ಲಿ ಕಂಡು ಆಸೆಯಿಂದ ತರಿಸಿದ್ದರು.

“ಎಂತ ಇದು? ತೋರ್ಸೋದು ಒಂದು, ಕಳ್ಸೋದು ಇನ್ನೊಂದಾ?” ಮೆಟ್ಟಿಲಲ್ಲೇ ಜಗಳ ಶುರುವಾಯಿತು.

ನಾನೂ ಸುಮ್ಮನಿರುವವಳಲ್ಲ. ಕಾರ್ಡ್ ಹಿಡಿದು ಎದ್ದು ನಿಂತೆ. ಜಗಲಿ ಹತ್ತಿದ ಅವರು ನನ್ನ ಮುಖ ನೋಡಿದ್ದೇ ತಡ, ಮಾತು ನಿಲ್ಲಿಸಿದರು.

“ಅಯ್ಯೋ, ಎಂತ ಆಯ್ತು ಮಗಾ? ಮುಖ ಎಲ್ಲ ನೀಲಿ ಆಗಿದೆಯಲ್ಲಾ! ಹುಷಾರಿಲ್ವಾ?”

ಹಣೆ ಮುಟ್ಟಿ ನೋಡಿ, “ಬಾ, ಬೆಳಕಿಗೆ ಬಾ” ಎಂದು ಕೈ ಹಿಡಿದು ಅಂಗಳಕ್ಕೆ ಕರೆದೊಯ್ದರು. ಮಳೆ ಸ್ವಲ್ಪ ಹೊಳವಾಗಿತ್ತು. ನನ್ನ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ, “ಚೆನ್ನಾಗೇ ಇದ್ದೀಯಲ್ಲ!” ಎಂದು ನಕ್ಕರು. ಆಗ ಕೈಯಲ್ಲಿದ್ದ ಕಾರ್ಡಿನ ಮೇಲೆ ನನ್ನ ಕಣ್ಣು ಬಿತ್ತು. ಜಗಲಿಯಲ್ಲಿ ಮರೂನ್ ಆಗಿದ್ದ ಕೆಂಪು ಇಲ್ಲಿ ಅಪ್ಪಟ ಮೆಣಸಿನಕಾಯಿ.

ತಲೆಯೆತ್ತಿದೆ. ಎರಚಲು ತಡೆಯಲೆಂದು ಊರಿನವರೆಲ್ಲರಂತೆ ನಾವೂ ಜಗಲಿಗೆ ಕಟ್ಟಿದ್ದೆವು, ಕಾಫಿ ಮುಚ್ಚುವ ನೀಲಿ ಟಾರ್ಪಾಲು! ಅದರ ಮೂಲಕ ಬಂದ ಬೆಳಕು ಕಾರ್ಡಿಗೆ ನೀಲಿ ಬಳಿದಿತ್ತು; ತನ್ನದೇ ಬೆಳಕಿರುವ ಪರದೆಗೆ ಮಾತ್ರ ಅದು ತಾಗಿರಲಿಲ್ಲ. ಆ ಕಾರ್ಡಿಗೆ ಹೊಂದಿಸುವ ಭರದಲ್ಲಿ ನಾನು ಫೋಟೋಗಳಿಗೂ ಅದೇ ನೀಲಿ ಬಳಿದಿದ್ದೆ.

ಅಂಗಳದಲ್ಲೇ ಕಾರ್ಡ್ ಬಿಡಿಸಿ, ಇಬ್ಬರೂ ಬಗ್ಗಿ ಅವರ ಮರೂನನ್ನು ಹುಡುಕಿದೆವು. ಆ ಬಣ್ಣದ ಚೇಲೆಯನ್ನು ನೇಕಾರರಿಂದ ತರಿಸಿಕೊಟ್ಟೆ; ಮಗ ಅದನ್ನೇ ಸುತ್ತಿಕೊಂಡು ಮದುವೆಯಾದ. ನನ್ನ ಅಂಗಡಿಯೂ ಉಳಿಯಿತು.

ಟಾರ್ಪಾಲು ಈಗ ಹಿತ್ತಲಿನ ಸೌದೆಯ ಮೇಲಿದೆ. ಅದನ್ನು ಕಂಡಾಗಲೆಲ್ಲ ಆಂಟಿಯ ನೆನಪಾಗಿ ಮನಸ್ಸು ತುಂಬಿ ಬರುತ್ತದೆ. ಗಂಡನ ನೆನಪಿನ ಬಣ್ಣಕ್ಕಾಗಿ ಜಗಳವಾಡಲು ಬಂದವರು, ಅದನ್ನೂ ಮರೆತು ಮೊದಲು ನನ್ನ ಹಣೆ ಮುಟ್ಟಿ ನೋಡಿದ್ದರು.