ಕೋಪ ಇಳಿಯಲೆಂದು ಕಳಿಸಿದರು

"ಏನ್ ಮೇಡಂ, ಕೋಪ ಕಮ್ಮಿ ಆಗ್ಲಿ ಅಂತ ಇವಳನ್ನ ನಿಮ್ಮತ್ರ ಕಳಿಸಿದ್ರೆ, ಈಗ ನಂಗೇ ಎದುರು ಮಾತಾಡ್ತಾಳಲ್ರೀ!"

ಸಹಕಾರನಗರದ ಮಹಡಿ ಮೇಲಿನ ಯೋಗ ತರಗತಿಯಲ್ಲಿ ಎಲ್ಲರೂ ಧ್ಯಾನಕ್ಕೆ ಕೂತಿದ್ದಾಗ ಹೀಗೆ ಕೂಗಿದವರು ನನ್ನ ಗಂಡ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಎಲ್ಲರೂ ಕಣ್ಣು ಬಿಟ್ಟರು. ನಾನು ಮಾತ್ರ ಅವಮಾನದಿಂದ ಮುಚ್ಚಿಕೊಂಡೇ ಇದ್ದೆ.

ಈ ಹಿಂದೆ ಕಂಡ ಗುರುಗಳೆಲ್ಲ ಹೆಂಗಸಿಗೆ ಸಹನೆಯೇ ತಪಸ್ಸು ಎಂದವರು. ಈ ಟೀಚರ್ ಮಂಡಿ ನೋವಿದ್ದರೆ ಕುರ್ಚಿಯಲ್ಲೇ ಕೂರಿ, ಮಂತ್ರ ಬರದಿದ್ದರೆ ಬಿಡಿ ಎನ್ನುವವರು. ಸಿಟ್ಟು ನುಂಗಬೇಡಿ, ಉಸಿರು ತಹಬದಿಗೆ ಬಂದ ಮೇಲೆ ಹೇಳಬೇಕಾದ್ದನ್ನು ಹೇಳಿಬಿಡಿ ಎನ್ನುವುದು ಅವರ ಪಾಠ. ಅವತ್ತು ಬೆಳಗ್ಗೆ ನಾನು ಅದನ್ನೇ ಮಾಡಿದ್ದೆ. ನಾದಿನಿಯ ಸೀಮಂತದ ಅಡುಗೆ ಪೂರ್ತಿ ನನ್ನೊಬ್ಬಳಿಂದ ಆಗದು, ಅಡುಗೆಯವರನ್ನು ಕರೆಸಿ ಎಂದಿದ್ದೆ. ದನಿ ಏರಿಸಿರಲಿಲ್ಲ. ಮೊದಲೆಲ್ಲ ನಾನು ಕಿರುಚಾಡಿದರೆ ನಕ್ಕು ಹೋಗುತ್ತಿದ್ದ ಮನುಷ್ಯನಿಗೆ ಈ ಮೆತ್ತಗಿನ ಮಾತು ತಡೆಯಲಾಗಲಿಲ್ಲ.

ಟೀಚರ್ ಎದ್ದು ಬಂದು, "ನಾಳೆಯಿಂದ ನೀವೂ ಬನ್ನಿ ಸರ್, ಜೊತೇಲೇ ಕೂತ್ಕೊಳ್ಳಿ" ಎಂದರು.

"ನಂಗೇನಾಗಿದೆ?" ಎಂದವರೇ ನನ್ನನ್ನು ಎಬ್ಬಿಸಿ, ಚಾಪೆ ಸುತ್ತಿಕೊಂಡು ಮೆಟ್ಟಿಲಿಳಿದರು.

ಈಗ ತಣಿಸಂದ್ರದಲ್ಲಿ ಸಹನೆ ಹೇಳಿಕೊಡುವ ಗುರುವೊಬ್ಬರನ್ನು ನನಗೆಂದು ಅವರೇ ಹುಡುಕಿದ್ದಾರೆ. ಸ್ಕೂಟರಿನಲ್ಲಿ ಬಿಟ್ಟು ಬರುವವರೂ ಅವರೇ. ನನ್ನ ಮುಖದಲ್ಲಿ ಶಾಂತಿ ಬಂದಿದೆಯೆಂದು ನೆಂಟರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹೇಳಬೇಕಾದ್ದು ನನ್ನಲ್ಲಿ ಇನ್ನೂ ಬಹಳ ಇದೆ. ಉಸಿರು ತಹಬದಿಗೆ ಬರಲೆಂದು ಕಾಯುತ್ತಿದ್ದೇನೆ, ಅಷ್ಟೆ.